ಇಪ್ಪತ್ಮೂರನೇ ಇಸವಿ ಬಾಯಿಪಾಠ

“ಈ ವರ್ಷ ದೇಶದಾಗೆ ನಡೆದದ್ದು, ಪರದೇಶದಾಗೆ ನಡೆದದ್ದು, ಎಲ್ಲಾ ಈ ತಲೆಯೊಳಗೈತೆ! ಯಾರು ಏನು ಕೇಳ್ತಾರೋ ಕೇಳ್ಲಿ!” ಎಂದು ರಘುನಾಥ ತನ್ನ ಹಣೆಯನ್ನು ಎರಡು ಸಲ ಕುಟ್ಟಿ ತೋರಿಸಿದಾಗ, ಗೋವಿನಕೋವಿಯ ಅವನ ಹಿಟ್ಟಿನ ಗಿರಣಿಯಲ್ಲಿ ರಾಗಿ ಬೀಸಿಸಲು ಬಂದಿದ್ದ ನಾಲ್ಕು ಜನ ಹೆಂಗಸರನ್ನು ಬಿಟ್ಟರೆ ಬೇರೆ ಸಭಿಕರಿರಲಿಲ್ಲ. ಅವರಿಗೂ ಗಿರಣಿಯ ಸದ್ದಿನಲ್ಲಿ ಒಂದಕ್ಷರ ಕೇಳಿಸಲಿಲ್ಲ. ಆದರೇನು, ಪ್ರತಿಜ್ಞೆ ಪ್ರತಿಜ್ಞೆಯೇ!

ವಿಷಯ ಇಷ್ಟು. ೨೦೨೩ ಮುಗಿಯುವ ದಿನ, ಡಿಸೆಂಬರ್ ಮೂವತ್ತೊಂದರ ಭಾನುವಾರ, ಹೊನ್ನಾಳಿಯ ಒಂದು ಯುವಕರ ಸಂಘದವರು ಗಂಡ-ಹೆಂಡಿರ ಜೋಡಿಗಳಿಗೆ ರಸಪ್ರಶ್ನೆ ಇಟ್ಟಿದ್ದರು. ಆ ಒಂದು ವರ್ಷದ ಸುದ್ದಿ, ಆಟ, ಸಿನಿಮಾ, ಇಷ್ಟರಲ್ಲೇ ಪ್ರಶ್ನೆ. ಬಹುಮಾನ ಮಿಕ್ಸರ್. ರಘುನಾಥನಿಗೆ ಮಿಕ್ಸರಿನ ಆಸೆ ಇರಲಿಲ್ಲ. ಆದರೆ ಜಗಳೂರಿನ ಷಡ್ಡಕ ನಿಂಗರಾಜ್, ಅಂದರೆ ಹೆಂಡತಿ ಶೈಲಾಳ ತಂಗಿ ಸುನೀತಾಳ ಗಂಡ, ಆಗಲೇ ಹೆಸರು ಬರೆಸಿದ್ದ. ಆ ನಿಂಗರಾಜ್ ಪೇಪರ್ ಓದುವುದು ಮಿರ್ಚಿ ಕಟ್ಟಿಕೊಟ್ಟಾಗ ಮಾತ್ರ. ಅದೂ ಎಣ್ಣೆ ಹತ್ತದ ಭಾಗ! ಅಂಥವನು ವೇದಿಕೆ ಹತ್ತುತ್ತಾನೆಂದರೆ ರಘುನಾಥ ಮನೆಯಲ್ಲಿ ಕೂರುವುದುಂಟೆ?

ರಘುನಾಥನ ಪೇಪರ್ ಓದು ಸಾಮಾನ್ಯವಲ್ಲ. ಬೆಳಗ್ಗೆ ಏಳಕ್ಕೆ ಜಗಲಿಯ ಕುರ್ಚಿಯಲ್ಲಿ ಪೇಪರ್ ಬಿಚ್ಚಿದನೆಂದರೆ ಒಂಬತ್ತಕ್ಕೆ ಮಡಚುವುದು. ನಡುವೆ ಯಾರು ಏನು ಹೇಳಿದರೂ ಪೇಪರಿನ ಹಿಂದಿನಿಂದ ಒಂದು “ಹೂಂ” ಬರುತ್ತಿತ್ತು. ಶೈಲಾ ಹದಿನೇಳು ವರ್ಷ ಆ ಹೂಂ ಜೊತೆ ಸಂಸಾರ ಮಾಡಿದ್ದಳು.

“ಜೋಡಿಯಾಗಿ ಬರ್ತೀನಿ. ಆದ್ರೆ ಒಂದು ಷರತ್ತು” ಎಂದಳು ಅವಳು, ರೊಟ್ಟಿ ತಟ್ಟುತ್ತಾ. “ನೀವು ಗೆದ್ರೆ, ಪೇಪರ್ ಮುಗಿಯೋ ತನಕ ನಾನು ತುಟಿ ಪಿಟಕ್ಕನ್ನಲ್ಲ. ಸೋತ್ರೆ ಆ ಎರಡು ತಾಸು ನಂದು. ಪೇಪರ್ ಮುಟ್ಟಂಗಿಲ್ಲ. ಕುಂತು ನನ್ನ ಮಾತು ಕೇಳ್ಬೇಕು.”

“ದಿನಾನಾ?”

“ದಿನಾ.”

“ಭಾನುವಾರ?”

“ಭಾನುವಾರ ಮೂರು ತಾಸು. ಅವತ್ತು ಪುರವಣಿ ಬರ್ತೈತಲ್ರೀ.”

ಬೆಳಗಿನ ಪೇಪರ್ ಇಲ್ಲದ ಬದುಕನ್ನು ಅವನು ಕನಸಿನಲ್ಲೂ ಕಂಡವನಲ್ಲ. ಆದರೆ ಷಡ್ಡಕನ ಮುಖ ಕಣ್ಮುಂದೆ ಬಂತು. “ಒಪ್ಪಿದೆ! ಆದ್ರೆ ನಂದೂ ಒಂದು ಷರತ್ತು. ಸ್ಟೇಜಿನ ಮೇಲೆ ನೀನು ಬಾಯಿ ಬಿಡಂಗಿಲ್ಲ. ಉತ್ತರ ಹೇಳೋದು ನಾನೇ.”

“ಆತು ಬಿಡ್ರಿ” ಎಂದಳು ಶೈಲಾ.

ತಯಾರಿಗೆ ಅವನು ಮಂಚದ ಕೆಳಗೆ ಕೈ ಹಾಕಿದ. ಆ ವರ್ಷ ಗುಜರಿಯವನಿಗೆ ಒಂದು ಹಾಳೆಯನ್ನೂ ಕೊಡದೆ ಕೂಡಿಟ್ಟ ಪೇಪರ್ ರಾಶಿ ಅಲ್ಲಿತ್ತು. ಎಳೆದು ನೋಡುತ್ತಾನೆ, ಅರ್ಧಕ್ಕರ್ಧ ಮಾಯ!

“ಲೇ ಶೈಲಾ! ಏಪ್ರಿಲ್ ಎಲ್ಲಿ? ಮೇ ಎಲ್ಲಿ? ಪೂರ್ತಿ ಅಕ್ಟೋಬರ್ ಎಲ್ಲಿ ಹೋತು?”

“ದೀಪಾವಳಿಗೆ ಅಡುಗೆಮನೆ ಶೆಲ್ಫಿಗೆ ಹಾಸಿದೀನಿ. ಡಬ್ಬಿ ಕೆಳಗೈತೆ ನೋಡ್ರಿ” ಎಂದು ಅವಳು ಪಕ್ಕದ ಮನೆಯ ಚೌಡಕ್ಕನ ಹತ್ತಿರ ಹೊರಟುಹೋದಳು.

ನೋಡಿದ. ಅರ್ಧ ವರ್ಷ ಡಬ್ಬಿಗಳ ಕೆಳಗೆ ಮಲಗಿತ್ತು. ಎರಡು ಸಾವಿರದ ನೋಟು ವಾಪಸ್ಸಾದ ಸುದ್ದಿಯ ಮೇಲೆ ಅವಲಕ್ಕಿ ಡಬ್ಬಿ, ಟೊಮ್ಯಾಟೊ ಬೆಲೆ ಗಗನಕ್ಕೇರಿದ ಸುದ್ದಿಯ ಮೇಲೆ ಹುಣಸೆಹಣ್ಣಿನ ಡಬ್ಬಿ, ಏಷ್ಯನ್ ಗೇಮ್ಸಿನ ಪದಕಪಟ್ಟಿಯ ಮೇಲೆ ಸಾಸಿವೆ, ಜೀರಿಗೆ, ಮೆಂತ್ಯ. ರಘುನಾಥ ವೀರಾವೇಶದಿಂದ ನಲವತ್ತೆರಡು ಡಬ್ಬಿಗಳನ್ನೂ ನೆಲಕ್ಕಿಳಿಸಿದ. ಹಾಳೆಗಳನ್ನು ಕಿತ್ತ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಓದಿದ. ಓದಿ ಮುಗಿಸಿ ಡಬ್ಬಿಗಳನ್ನು ಮತ್ತೆ ಸಾಲಾಗಿ, ಅಂದವಾಗಿ, ಎತ್ತರದ ಪ್ರಕಾರ ಜೋಡಿಸಿಟ್ಟ. ಹೆಂಡತಿ ಮೆಚ್ಚುತ್ತಾಳೆ ಎಂದುಕೊಂಡ.

ಎಲ್ಲವೂ ಒಂದೇ ಥರದ ಸ್ಟೀಲ್ ಡಬ್ಬಿಗಳು. ಯಾವುದರ ಮೇಲೂ ಹೆಸರಿಲ್ಲ. ಶೈಲಾ ಡಬ್ಬಿ ಗುರುತಿಸುತ್ತಿದ್ದದ್ದು ಇಟ್ಟ ಜಾಗದಿಂದ. ಅವಳ ಕೈ ಕಣ್ಣಿನ ಅಪ್ಪಣೆ ಕೇಳದೆ ಹೋಗಿ ಬೇಕಾದ್ದನ್ನು ತರುತ್ತಿತ್ತು. ಅವತ್ತೂ ಹೋಯಿತು, ತಂತು. ಸಂಜೆಯ ಚಹಾಕ್ಕೆ ಉಪ್ಪು ಬಿತ್ತು. ರಾತ್ರಿಯ ಸಾರಿಗೆ ಸಾಸಿವೆ ಎಂದು ಬಿದ್ದದ್ದು ಕಾಮಕಸ್ತೂರಿ ಬೀಜ! ಅವು ಒಂದೊಂದೇ ಉಬ್ಬಿ, ಸಾರಿನ ತುಂಬ ಕಪ್ಪೆ ಮೊಟ್ಟೆಯಂತೆ ತೇಲಾಡಿದವು.

“ಏನ್ರೀ ಇದು!” ಎಂದು ಶೈಲಾ ಸೌಟು ಹಿಡಿದು ಬಂದಳು. “ಹದಿನೇಳು ವರ್ಷದಿಂದ ಕೂಡ್ಸಿದ್ದ ಸಂಸಾರನ ಹತ್ತು ನಿಮಿಷದಾಗೆ ಕಲಸಿಟ್ರಲ್ಲ!”

“ನೂರ ಏಳು” ಎಂದ ರಘುನಾಥ ಕಣ್ಣು ಮುಚ್ಚಿಕೊಂಡೇ.

“ಏನು ನೂರ ಏಳು?”

“ಏಷ್ಯನ್ ಗೇಮ್ಸ್‌ನಾಗೆ ನಮಗೆ ಬಂದ ಪದಕ. ಸಾಸಿವೆ ಕೆಳಗಿತ್ತು.”

ಶೈಲಾ ನಾಲ್ಕು ದಿನ ಪ್ರತಿ ಡಬ್ಬಿಯನ್ನೂ ಮೂಸಿ ನೋಡಿಯೇ ಅಡುಗೆ ಮಾಡಬೇಕಾಯಿತು.

ಭಾನುವಾರ ಬಂತು. ಹೊನ್ನಾಳಿಯ ಸಭಾಂಗಣ ತುಂಬಿ ತುಳುಕುತ್ತಿತ್ತು. ಪ್ರಶ್ನೆ ಕೇಳುವವರು ಆಂಜನೇಯ ಮೇಷ್ಟ್ರು. ಎಂಟು ಜೋಡಿಗಳಲ್ಲಿ ಆರು ಬೇಗ ಉದುರಿಹೋದವು. ಉಳಿದದ್ದು ಗೋವಿನಕೋವಿ ಮತ್ತು ಜಗಳೂರು. ರಘುನಾಥ ಮಿಂಚುತ್ತಿದ್ದ.

“ಟ್ವಿಟರಿನ ನೀಲಿ ಹಕ್ಕಿ ಹಾರಿಹೋಗಿ ಅಲ್ಲಿ ಬಂದ ಅಕ್ಷರ?”

“ಎಕ್ಸ್!”

“ಈ ವರ್ಷ ಆಸ್ಕರ್ ಗೆದ್ದ ನಮ್ಮ ದೇಶದ ಹಾಡು ಯಾವ ಭಾಷೆಯದು?”

“ತೆಲುಗು!”

“ಕ್ರಿಕೆಟ್ ವಿಶ್ವಕಪ್ ಫೈನಲ್ ನಡೆದ ಊರು?”

“ಅಹಮದಾಬಾದ್. ಆ ವಿಷಯ ಎತ್ತಬ್ಯಾಡ್ರಿ ಮೇಷ್ಟ್ರೇ, ಹೊಟ್ಟೆ ಉರಿತೈತೆ!” ಎಂದಾಗ ಸಭೆಯೇ ಚಪ್ಪಾಳೆ ತಟ್ಟಿತು. ಶೈಲಾ ಮಾತಿನಂತೆ ಬಾಯಿ ಹೊಲಿದುಕೊಂಡು ಕೂತಿದ್ದಳು. ನಿಂಗರಾಜನೂ ಹೇಗೋ ತಿಣುಕಾಡಿ ಸರಿಸಮ ಬಂದಿದ್ದ. ಕೊನೆಯ ಪ್ರಶ್ನೆಗೆ ಗೆಲುವು ನಿಂತಿತು.

“ಇದು ಚಿತ್ರದ ಪ್ರಶ್ನೆ. ನಮ್ಮ ಹೊನ್ನಾಳಿ ಬಸ್‌ಸ್ಟ್ಯಾಂಡಿನ ಫೋಟೋ. ಜಿಲ್ಲಾ ಪುಟದಾಗೆ ಬಂದಿತ್ತು” ಎಂದು ಮೇಷ್ಟ್ರು ಗೋಡೆಯ ಬಿಳಿ ಪರದೆಯ ಮೇಲೆ ಚಿತ್ರ ಬಿಟ್ಟರು. ಕೆಂಪು ಬಸ್ಸು. ಸುತ್ತ ಹೆಂಗಸರ ಸಮುದ್ರ. ಕಿಟಕಿಯ ಹೊರಗೆ ನಿಂತ ಒಬ್ಬಳು, ತಲೆಯ ಮೇಲೆ ಸೆರಗು, ಬಾಯ್ತುಂಬ ನಗು, ಸೀಟು ಹಿಡಿಯಲು ಕಿಟಕಿಯೊಳಗೆ ಟವೆಲ್ ಎಸೆಯುತ್ತಿದ್ದಾಳೆ. “ಯಾವ ದಿನ? ಯಾವ ಸಂದರ್ಭ?”

“ಜೂನ್ ಹನ್ನೊಂದು! ಭಾನುವಾರ! ಮಧ್ಯಾಹ್ನ ಒಂದು ಗಂಟೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಫ್ರೀ ಆದ ದಿನ!” ರಘುನಾಥ ಎದ್ದು ನಿಂತೇ ಹೇಳಿದ. ಅಲ್ಲಿಗೆ ಕೂತಿದ್ದರೆ ಬದುಕುತ್ತಿದ್ದ. ಆದರೆ ಚಪ್ಪಾಳೆ ತಲೆಗೇರಿತ್ತು. “ಇನ್ನೊಂದು ಮಾತು ಮೇಷ್ಟ್ರೇ. ಈ ಹೆಂಗಸನ್ನ ನೋಡ್ರಿ! ಹೆಂಗೆ ಹಲ್ಲು ಕಿಸಿದು ಟವೆಲ್ ಎಸಿತಾ ಐತೆ! ಇಂಥೋರ ಮನೆ ಗಂಡಸ್ರು ಏನು ಮಾಡ್ತಿರ್ತಾರೆ ಅಂತ? ಮನೇಲಿ ಕೇಳೋರು ಹೇಳೋರು ಯಾರೂ ಇಲ್ವಾ?”

“ಚೆನ್ನಾಗಿ ಕೇಳಿದ್ರಿ” ಎಂದರು ಮೇಷ್ಟ್ರು. “ಪ್ರಶ್ನೆಯ ಉಳಿದರ್ಧ ಅದೇ. ಈಕೆ ಯಾರು? ಪೇಪರಿನಾಗೆ ಹೆಸರೂ ಹಾಕಿದ್ರು. ಪೂರ್ತಿ ಓದೋರಿಗೆ ಗೊತ್ತಿರ್ತೈತೆ.”

ಜಿಲ್ಲಾ ಪುಟ! ದೆಹಲಿ, ಲಂಡನ್ ಓದುವ ರಘುನಾಥ ಆ ಪುಟವನ್ನು ಜುಜುಬಿ ಎಂದು ಮಗುಚಿ ಹಾಕುತ್ತಿದ್ದ. ಕನ್ನಡಕ ಸರಿಮಾಡಿಕೊಂಡು ದಿಟ್ಟಿಸಿದ. ಹೆಂಗಸಿನ ಗುರುತು ಹತ್ತಲಿಲ್ಲ. ಆದರೆ ಟವೆಲ್... ಹಸಿರು ಅಂಚು, ಮೂಲೆಯಲ್ಲಿ ಸುಟ್ಟ ತೂತು...

“ಮೇಷ್ಟ್ರೇ! ಆ ಟವೆಲ್ ನಂದು! ಜೂನ್‌ನಾಗೆ ಕಳೆದೋಗಿತ್ತು! ಕದ್ದೋಳು ಇವಳೇ!”

“ಜಗಳೂರಿನ ಜೋಡಿ ಹೇಳಬಹುದು” ಎಂದರು ಮೇಷ್ಟ್ರು, ನಗು ತಡೆಯಲಾಗದೆ.

ನಿಂಗರಾಜ್ ಬಾಯಿ ತೆರೆಯುವ ಮೊದಲೇ ಸುನೀತಾ ಕುರ್ಚಿಯಿಂದ ಜಿಗಿದಳು. “ಅಯ್ಯೋ, ನಮ್ಮಕ್ಕ ಕಣ್ರೀ! ಶೈಲಕ್ಕ!”

ಸಭಾಂಗಣದ ತಗಡು ಹಾರಿಹೋಗುವಂಥ ನಗೆ. ನಿಂಗರಾಜ್ ಮೈಕನ್ನೇ ಹಿಡಿದುಕೊಂಡು, “ನಮ್ಮಣ್ಣಂಗೆ ಟವೆಲ್ ಗುರುತು ಸಿಕ್ತು, ಹೆಂಡ್ತಿ ಗುರುತು ಸಿಗ್ಲಿಲ್ಲ!” ಎಂದು ಹೊನ್ನಾಳಿಗೆಲ್ಲ ಕೇಳಿಸುವಂತೆ ಸಾರಿದ. ಮಿಕ್ಸರ್ ಜಗಳೂರಿಗೆ ಹೋಯಿತು.

ಊರಿಗೆ ವಾಪಸ್ಸು ಬರುವಾಗ ಬೈಕಿನ ಮೇಲೆ ರಘುನಾಥ ಕೇಳಿದ. “ನನಗೆ ಹೇಳಬಾರದಿತ್ತಾ?”

“ಹೇಳಿದ್ನಲ್ರೀ. ಚೌಡಕ್ಕನ ಜೊತೆ ದಾವಣಗೆರೆಗೆ ಹೋಗಿ ಬೆಣ್ಣೆದೋಸೆ ತಿಂದು ಬರ್ತೀನಿ ಅಂದೆ, ಹೂಂ ಅಂದ್ರಿ. ಟವೆಲ್ ತಗೊಂಡೋಗ್ಲಾ ಅಂದೆ, ಹೂಂ ಅಂದ್ರಿ. ಟವೆಲ್ ಬಸ್ನಾಗೇ ಉಳೀತು ಅಂದೆ, ಅದಕ್ಕೂ ಹೂಂ. ಮಾರನೇ ದಿನ ಪೇಪರ್ ಹಿಡಿದು ನನ್ನ ಫೋಟೋ ಬಂದೈತೆ ಅಂತ ತೋರಿಸಿದ್ರೆ, ಆ ಪುಟ ಆಮೇಲೆ ಅಂದ್ರಿ.”

ರಘುನಾಥನಿಗೆ ನಿಜಕ್ಕೂ ಸಂಕಟವಾಯಿತು. ಟವೆಲ್ಲಿಗಲ್ಲ, ಮಿಕ್ಸರಿಗೂ ಅಲ್ಲ. ಆ ಚಿತ್ರದಲ್ಲಿದ್ದಂಥ ನಗು ಹೆಂಡತಿಯ ಮುಖದ ಮೇಲೆ ನೋಡಿ ಎಷ್ಟು ಕಾಲವಾಗಿತ್ತೆಂದರೆ, ಅವಳೇ ಎಂದು ಅನಿಸಲೇ ಇಲ್ಲವಲ್ಲ!

ಮರುದಿನ, ಹೊಸ ವರ್ಷದ ಮೊದಲ ಬೆಳಗು. ಪೇಪರ್ ಅಂಗಳದಲ್ಲಿ ಬಿತ್ತು. ಅವನ ಕೈ ತಾನಾಗಿಯೇ ಮುಂದೆ ಹೋಗಿ, ತಾನಾಗಿಯೇ ಹಿಂದೆ ಬಂತು. ಶೈಲಾ ಎರಡು ಲೋಟ ಚಹಾ ತಂದು, ಎದುರಿಗೆ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತಳು. ಸೆರಗು ಸರಿಮಾಡಿಕೊಂಡಳು, ಥೇಟ್ ಮೇಷ್ಟ್ರ ಗತ್ತಿನಲ್ಲಿ.

“ಸುರು ಮಾಡಾಣ? ಮೊದಲನೇ ಪ್ರಶ್ನೆ. ಹೋದ ಆಗಸ್ಟ್ ಇಪ್ಪತ್ಮೂರು, ಸಾಯಂಕಾಲ ಆರು ಗಂಟೆ...”

“ಚಂದ್ರಯಾನ!” ರಘುನಾಥನ ಮುಖ ಅರಳಿತು. “ಚಂದ್ರನ ದಕ್ಷಿಣ ಧ್ರುವದ ಹತ್ರ ಇಳೀತು! ಆರು ಗಂಟೆ ನಾಕು ನಿಮಿಷಕ್ಕೆ!”

“ಅದು ಎಲ್ಲಿತ್ತು ಅಂತ ಕೇಳ್ಲಿಲ್ರೀ. ಆ ಹೊತ್ತಿಗೆ ನಾನು ಎಲ್ಲಿದ್ದೆ?”

ರಘುನಾಥ ಆಕಾಶ ನೋಡಿದ. ಚಹಾ ನೋಡಿದ. ಮೆಲ್ಲಗೆ ಕೇಳಿದ:

“ಆಪ್ಷನ್ ಏನಾರ ಐತೇನೇ?”