ಹದಿನೇಳನೆಯ ಗಿರಾಕಿ

ಎಲ್ಲಕ್ಕೂ ಮೂಲ ಆ ಹದಿನೇಳನೆಯ ಸಾಲು. ಬೆಳಿಗ್ಗೆ, ಹಲ್ಲುಜ್ಜುವ ಬ್ರಷ್ಷು ಇನ್ನೂ ಬಾಯಲ್ಲಿರುವಾಗಲೇ, ಡಬಲ್ ತಾನು ಮಾಡಿದ ಆಟದ ದಾಖಲೆ ತೆರೆದು ನೋಡಿದ. ಆಡಿದವರು ಇಪ್ಪತ್ತು ಜನ. ಹತ್ತೊಂಬತ್ತು ಜನ ಒಂದೊಂದು ಸಲ ಬಂದು, ಹತ್ತು ನಿಮಿಷ ಆಡಿ, ಒಂದೆರಡು ಗಡಿಯಾರ ರಿಪೇರಿ ಮಾಡಿಸಿಕೊಂಡು ಎದ್ದುಹೋಗಿದ್ದರು. ಹದಿನೇಳನೆಯವರು ಮಾತ್ರ ಮೂರು ವಾರದಿಂದ ದಿನಾ ಬರುತ್ತಿದ್ದಾರೆ, ದಿನಾ ನಾಲ್ಕು ಗಂಟೆ ಅಂಗಡಿಯೊಳಗೆ ಸುಮ್ಮನೆ ನಿಲ್ಲುತ್ತಿದ್ದಾರೆ. ಕೊಟ್ಟ ಕೆಲಸ: ಸೊನ್ನೆ.

"ಅಯ್ಯೋ" ಎಂದ ಡಬಲ್. ಬ್ರಷ್ಷು ಕೀಬೋರ್ಡಿನ ಮೇಲೆ ಬಿತ್ತು.

ವಿಶ್ವವಿದ್ಯಾಲಯದಲ್ಲಿ ವ್ಯವಹಾರ ನಿರ್ವಹಣೆಯನ್ನೂ ವಿಡಿಯೊ ಗೇಮ್ ವಿನ್ಯಾಸವನ್ನೂ ಒಟ್ಟೊಟ್ಟಿಗೆ ಓದುತ್ತಿದ್ದುದರಿಂದ ಅವನಿಗೆ ಆ ಹೆಸರು ಬಂದಿತ್ತು. ಒಂದು ವಿಭಾಗ ನೆಲಮಹಡಿಯಲ್ಲಿ, ಇನ್ನೊಂದು ನಾಲ್ಕನೇ ಮಹಡಿಯಲ್ಲಿ. ಲಿಫ್ಟು ಕೆಟ್ಟು ಎಷ್ಟೋ ಕಾಲವಾಗಿತ್ತು. "ಕೆಳಗೆ ದುಡಿಯೋದು ಕಲೀತಾನೆ, ಮೇಲೆ ಹತ್ತಿ ಆಡೋದು ಕಲೀತಾನೆ. ಕೊನೆಗೆ ಮೆಟ್ಟಿಲ ಮೇಲೇ ಕೂತಿರ್ತಾನೆ ನೋಡು" ಎಂದು ಅಪ್ಪ ನಗುತ್ತಿದ್ದರು. ಅಪ್ಪ ಗಡಿಯಾರ ರಿಪೇರಿಯವರು. ಹೋದ ವರ್ಷ ಒಂದು ಮಧ್ಯಾಹ್ನ, ಕೆಲಸದ ಮೇಜಿನ ಮುಂದೆ ತಲೆ ಬಗ್ಗಿಸಿ ಕೂತವರು ಮತ್ತೆ ತಲೆ ಎತ್ತಲಿಲ್ಲ. ಅಂಗಡಿಯಲ್ಲಿ ಈಗ ಯಾರೋ ಮೊಬೈಲ್ ಕವರ್ ಮಾರುತ್ತಾರೆ.

ಎರಡೂ ವಿಭಾಗಕ್ಕೆ ಸೇರಿ ಒಂದೇ ಅಂತಿಮ ಪ್ರಾಜೆಕ್ಟು. ಡಬಲ್ ಅಪ್ಪನ ಅಂಗಡಿಯನ್ನೇ ಆಟ ಮಾಡಿದ್ದ. ಆಡುವವರು ಗಿರಾಕಿಯಾಗಿ ಒಳಗೆ ಬರುತ್ತಾರೆ. ಗಡಿಯಾರ ಕೊಟ್ಟರೆ ಅಂಗಡಿಯ ಮುದುಕ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಲೆ ಬಗ್ಗಿಸುತ್ತಾನೆ. ಕೊಡದಿದ್ದರೆ ತಲೆಯೆತ್ತಿ ಗಿರಾಕಿಯನ್ನೇ ನೋಡುತ್ತಾನೆ. ಧ್ವನಿ ಅಪ್ಪನದೇ, ಫೋನಿನಲ್ಲಿ ಉಳಿದಿದ್ದ ಸಂದೇಶಗಳಿಂದ ಹೆಕ್ಕಿದ್ದು. "ಬಂದ್ಯಾ? ಕೂತ್ಕೊ. ಅವಸರ ಏನಿದೆ?"

ಅವಸರ ಇತ್ತು. ಹನ್ನೆರಡು ಗಂಟೆಗೆ ಎರಡೂ ವಿಭಾಗದವರ ಮುಂದೆ ಪರೀಕ್ಷೆ. ಇಲ್ಲಿ ಫೇಲಾದರೆ ಎರಡು ಪದವಿಯಲ್ಲೂ ಫೇಲು. ಡಬಲ್ ಎಂಬ ಹೆಸರು ಆ ಲೆಕ್ಕದಲ್ಲೂ ಸಾರ್ಥಕವಾಗುತ್ತಿತ್ತು. ಹದಿನೇಳನೆಯವರು ಯಾರು, ಯಾಕೆ ನಿಂತಿದ್ದಾರೆ ಎಂದು ಕೇಳಿದರೆ ಏನು ಹೇಳುವುದು? ಆಡುವವರ ಹೆಸರು ಆಟ ಮಾಡಿದವನಿಗೆ ತಿಳಿಯಬಾರದೆಂಬುದು ನಿಯಮ. ಹೆಸರು ಗೊತ್ತಾದರೆ ಜನ ದಾಕ್ಷಿಣ್ಯಕ್ಕೆ ಹೊಗಳುತ್ತಾರಂತೆ. ಹಾಗಾಗಿ ಅವನು ವಠಾರದ ನೋಟಿಸ್ ಬೋರ್ಡಿಗೆ ಆಟದ ವಿಳಾಸ ಅಂಟಿಸಿ ಸುಮ್ಮನಾಗಿದ್ದ.

"ಇವತ್ತೂ ಹತ್ತಕ್ಕೇ ಹೊರಡ್ತೀಯೇನೋ?" ಅಮ್ಮ ಅಡುಗೆಮನೆಯಿಂದ ಕೇಳಿದರು.

"ಹೂಂ."

"ಕರೆಂಟ್ ಹೋಗಲ್ಲ ತಾನೇ ಇವತ್ತು?"

"ನಾನೇನು ವಿದ್ಯುತ್ ಇಲಾಖೆನೇನಮ್ಮ?" ಎಂದು ಸಿಡುಕಿ, ಡಬಲ್ ಪತ್ತೇದಾರಿಕೆಗೆ ಹೊರಟ.

ಮೊದಲ ಅನುಮಾನ ಮೇಲಿನ ಮನೆಯ ನಿವೃತ್ತ ಹೆಡ್‌ಮಾಸ್ಟರ ಮೇಲೆ. ಬಾಗಿಲು ತೆರೆದವರನ್ನು ಅವನು ನೇರವಾಗಿಯೇ ಕೇಳಿದ: "ಸಾರ್, ದಿನಾ ನಾಲ್ಕು ಗಂಟೆ ಆಟ ಆಡೋದು ನೀವೇನಾ?"

"ಏನಯ್ಯ ಮಾತಾಡ್ತಿದ್ದೀಯ? ಬೆಳಿಗ್ಗೆ ಹತ್ತಕ್ಕೆ ಹೊರಟ್ರೆ ನಾನು ಲೈಬ್ರರೀಲಿ ಇರ್ತೀನಿ!"

ಒಳಗಿನಿಂದ ಅವರ ಹೆಂಡತಿ ಬಂದರು, ಕೈಯಲ್ಲಿ ಸೌಟು. "ಲೈಬ್ರರಿಗೆ ಭಾನುವಾರ ಬಾಗಿಲು ಹಾಕಿರತ್ತಲ್ಲ? ಭಾನುವಾರಾನೂ ಹೋಗ್ತೀರಲ್ಲ? ನಾಲ್ಕು ಗಂಟೆ ಯಾವ ಆಟ, ಯಾರ ಜೊತೆ ಆಟ, ಹೇಳಿ ನೋಡೋಣ."

"ಲೇ, ಪಾರ್ಕಿನ ಬೆಂಚಲ್ಲಿ ನಿದ್ದೆ ಮಾಡ್ತೀನಿ ಕಣೇ!"

"ಮನೇಲಿ ಮಂಚ ಮುಳ್ಳಾಯ್ತಾ?"

ಡಬಲ್ ಒದೆಸಿಕೊಂಡ ಬೆಕ್ಕಿನಂತೆ ಮೆಟ್ಟಿಲಿಳಿದ. ಎದುರು ಮನೆಯ ದಂತವೈದ್ಯೆ ಅವನ ಪ್ರಶ್ನೆಯನ್ನು ಪೂರ್ತಿ ಕೇಳುವ ಮೊದಲೇ ಬಾಯಿ ತೆರೆಸಿ ನೋಡಿ, "ಎರಡು ಹುಳುಕಾಗಿದೆ" ಎಂದರು. ಕೆಳಮನೆಯ ಟೈಲರು ಹದಿಮೂರೇ ನಿಮಿಷ ಆಡಿದ್ದಂತೆ. "ಆ ಮುದುಕನ ಅಂಗಿ ಭುಜದ ಹತ್ರ ಎಳೆದಿದೆ ಕಣಪ್ಪ, ಬಿಚ್ಚಿ ಹೊಲಿ" ಎಂದು ಸಲಹೆಯನ್ನೂ ಕೊಟ್ಟ. ವಠಾರದ ಹನ್ನೊಂದು ಬಾಗಿಲು ಬಡಿದದ್ದಕ್ಕೆ ಸಿಕ್ಕಿದ್ದು ಒಂದು ಸಂಸಾರದ ಜಗಳ, ಎರಡು ಹುಳುಕು ಹಲ್ಲು.

ಹತ್ತೂವರೆಗೆ ವಿಶ್ವವಿದ್ಯಾಲಯ ಮುಟ್ಟಿದವನು ಕಷ್ಟವನ್ನು ಇಬ್ಬರು ಗುರುಗಳ ಮುಂದೂ ತೋಡಿಕೊಂಡ. ವ್ಯವಹಾರದ ಕಡೆ ಟೈ ಮೇಷ್ಟ್ರು. ಅವರ ಟೈ ಕರಾರುಪತ್ರದಷ್ಟು ನೆಟ್ಟಗೆ ಇಳಿಬಿದ್ದಿರುತ್ತಿತ್ತು. ಆಟದ ಕಡೆ ಗೇಮ್ ಮೇಡಂ. ಐವತ್ತು ದಾಟಿದರೂ ಮೊಣಕಾಲು ಹರಿದ ಪ್ಯಾಂಟು. ಒಬ್ಬರು ಹೌದೆಂದದ್ದಕ್ಕೆ ಇನ್ನೊಬ್ಬರು ಹೌದೆಂದ ಉದಾಹರಣೆ ಆ ಕಟ್ಟಡದಲ್ಲಿ ಇರಲಿಲ್ಲ.

"ಕೆಲಸ ಕೊಡದೆ ನಿಲ್ಲೋನು ಗಿರಾಕಿ ಅಲ್ಲ, ಕಂಬ" ಎಂದರು ಟೈ ಮೇಷ್ಟ್ರು. "ಹೊರಗೆ ಕಳ್ಸು."

"ಅಲ್ಲಾಡದೆ ನಿಂತಿದ್ದಾರೆ ಅಂದ್ರೆ ಸಿಕ್ಕಿಹಾಕ್ಕೊಂಡಿದ್ದಾರೆ ಅಂತ ಅರ್ಥ ಕಣೋ. ಆಟದ ದೋಷ ಅದು. ಹೊರಗೆ ಕಳ್ಸು" ಎಂದರು ಗೇಮ್ ಮೇಡಂ.

ಇಬ್ಬರೂ ಒಂದೇ ಮಾತು ಆಡಿದ್ದು ತಿಳಿದು ಒಬ್ಬರ ಮುಖ ಒಬ್ಬರು ನೋಡಿ ಬೆಚ್ಚಿದರು. ಡಬಲ್‌ಗೆ ಅದು ದೈವವಾಣಿಯಂತೆ ಕೇಳಿಸಿತು.

ನಾಲ್ಕನೇ ಮಹಡಿಯ ಮೂಲೆಯಲ್ಲಿ ಕೂತು ಹೊಸ ನಿಯಮ ಬರೆದ: ಎರಡು ನಿಮಿಷ ಕೆಲಸ ಕೊಡದೆ ನಿಂತವರನ್ನು ಮುದುಕ ಹೊರಗೆ ಕಳಿಸಬೇಕು. ಆದರೆ ಅದಕ್ಕೊಂದು ಮಾತು ಬೇಕಲ್ಲ? ಫೋನಿನ ಸಂದೇಶಗಳನ್ನೆಲ್ಲ ಜಾಲಾಡಿದ. ಯಾರನ್ನೂ ಹೊರಗೆ ಕಳಿಸಿ ಅಪ್ಪನಿಗೆ ಅಭ್ಯಾಸವಿರಲಿಲ್ಲ. ಕೊನೆಗೆ ಒಂದು ಸಿಕ್ಕಿತು, ಅವನ ಮೊದಲ ವರ್ಷದ ಪರೀಕ್ಷೆಯ ಬೆಳಿಗ್ಗೆ ಕಳಿಸಿದ್ದು: "ಸರಿ ಸರಿ, ಇನ್ನು ಹೊರಡು, ಹೊತ್ತಾಯ್ತು. ಚೆನ್ನಾಗಿ ಬರಿ ಮಗಾ." ಡಬಲ್ ಆ ಮಾತಿನ ಬಾಲ ಕತ್ತರಿಸಿ ತಲೆಯನ್ನಷ್ಟೇ ಇಟ್ಟುಕೊಂಡ. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಹೊಸ ಆಟ ಎಲ್ಲರ ಕಂಪ್ಯೂಟರಿಗೂ ಹೋಯಿತು.

ಪರೀಕ್ಷೆಯ ಕೋಣೆಯಲ್ಲಿ ದೊಡ್ಡ ಪರದೆ. ಅದರಲ್ಲಿ ಈ ಕ್ಷಣ ಅಂಗಡಿಯಲ್ಲಿ ಯಾರಿದ್ದಾರೆಂಬುದು ಕಾಣುತ್ತಿತ್ತು. ಹದಿನೇಳು ಇತ್ತು. ಎರಡು ನಿಮಿಷವಾಗುತ್ತಲೂ "ಸರಿ ಸರಿ, ಇನ್ನು ಹೊರಡು, ಹೊತ್ತಾಯ್ತು" ಎಂಬ ಅಪ್ಪನ ದನಿ ಕೋಣೆ ತುಂಬಿತು. ಬಾಗಿಲು ಮುಚ್ಚಿಕೊಂಡಿತು. ಹದಿನೇಳು ಮಾಯ.

"ಭೇಷ್!" ಎಂದರು ಮೇಡಂ.

ಹದಿನೇಳು ಮತ್ತೆ ಬಂತು. ಮತ್ತೆ ಹೊರಗೆ ಬಿತ್ತು. ಮೂರನೇ ಸಲಕ್ಕೆ ಕೋಣೆಯಲ್ಲಿ ನಗು ಎದ್ದಿತು. ಐದನೇ ಸಲಕ್ಕೆ ಟೈ ಮೇಷ್ಟ್ರೂ ಟೈ ಹಿಡಿದುಕೊಂಡು ನಕ್ಕರು. "ಗೋಂದು ಕಣ್ರೀ ಇದು! ಬಿಡಲ್ಲ ಅನ್ನತ್ತೆ!" ಹನ್ನೊಂದನೇ ಸಲ ಹೊರಗೆ ಹೋದ ಮೇಲೆ ಹದಿನೇಳು ಬರಲಿಲ್ಲ. ಪರದೆಯ ಮೇಲೆ ಖಾಲಿ ಅಂಗಡಿ, ಬಾಗಿಲ ಕಡೆ ನೋಡುತ್ತ ಮುದುಕ.

ನಗು ನಿಂತಿತು. ಟೈ ಮೇಷ್ಟ್ರು ಕಾಗದ ತಿರುವಿದರು. "ಸರಿ. ಈಗ ನಿನ್ನ ಅಂಗಡಿಗೆ ಮತ್ತೆ ಮತ್ತೆ ಬರೋ ಗಿರಾಕಿಗಳು ಎಷ್ಟು ಜನ?"

"ಯಾರೂ ಇಲ್ಲ ಸಾರ್."

"ಹಿಂದೆ?"

"ಒಬ್ರು ಇದ್ರು ಸಾರ್."

"ಅವರನ್ನ ಏನ್ಮಾಡ್ದೆ?"

"ನೀವೇ ಹೇಳಿದ್ರಲ್ಲ ಸಾರ್..."

"ನಾವು ನೂರು ಹೇಳ್ತೀವಪ್ಪ. ಅಂಗಡಿ ಯಾರದು?"

ಗೇಮ್ ಮೇಡಮ್ಮೂ ಹೌದೆಂದು ತಲೆಯಾಡಿಸಿದರು. ಒಂದೇ ದಿನದಲ್ಲಿ ಎರಡನೇ ಒಮ್ಮತ. ಹಾಳೆಯ ಮೇಲೆ ಇಬ್ಬರೂ ಬರೆದದ್ದು ಒಂದೇ ಸಾಲು: ನಿತ್ಯದ ಗಿರಾಕಿ ಒಬ್ಬರಾದರೂ ಇದ್ದರೆ ಮುಂದಿನ ವರ್ಷ ಮತ್ತೆ ಬರಬಹುದು.

ಸಂಜೆ ವಠಾರದ ಮೆಟ್ಟಿಲಲ್ಲಿ ಹೆಡ್‌ಮಾಸ್ಟರು ಒಂದು ಚೀಲ, ಒಂದು ದಿಂಬಿನೊಡನೆ ಕೂತಿದ್ದರು. "ಬಾರಯ್ಯ ಪುಣ್ಯಾತ್ಮ. ನಾನು ಆಡಿದ್ದು ಒಂಬತ್ತೇ ನಿಮಿಷ ಅಂತ ಒಂದು ಚೀಟಿ ಬರ್ಕೊಡು."

ಬರೆದುಕೊಟ್ಟು ಡಬಲ್ ಮನೆಯೊಳಗೆ ಬಂದ. ಹಜಾರದ ಮೂಲೆಯಲ್ಲಿ ಅವನ ಹಳೆಯ ಕಂಪ್ಯೂಟರು ಚಾಲೂ ಇತ್ತು. ಹಳೆಯ ಯಂತ್ರದಲ್ಲೂ ಆಟ ಓಡುತ್ತದೆಯೇ ಎಂದು ನೋಡಲು ಹಿಂದೊಮ್ಮೆ ಹಾಕಿ, ತೆಗೆಯುವುದನ್ನು ಮರೆತಿದ್ದ. ಅದರ ಮುಂದೆ ಅಮ್ಮ, ಕೈ ಮಡಿಲಲ್ಲಿಟ್ಟುಕೊಂಡು. ಪರದೆಯ ಮೇಲೆ ಮುಚ್ಚಿದ ಬಾಗಿಲು.

ಬೆಳಿಗ್ಗೆ ಅವನು ಬಡಿಯದೆ ಬಿಟ್ಟ ಬಾಗಿಲು ತನ್ನ ಮನೆಯದೊಂದೇ.

"ನಿಮ್ಮಪ್ಪಂಗೆ ಇವತ್ತು ಏನಾಯ್ತೋ" ಎಂದರು ಅಮ್ಮ. "ಹೊರಡು ಅಂದ್ರು. ಮೂವತ್ತೊಂದು ವರ್ಷದಲ್ಲಿ ಒಂದು ದಿನ ನಂಗೆ ಹಾಗಂದವರಲ್ಲ."

ಡಬಲ್ ಹೆಗಲ ಚೀಲ ಕೆಳಗಿಟ್ಟ. "ಒಂದು ಗಡಿಯಾರ ಕೊಡಬಾರದಿತ್ತೇನಮ್ಮ?"

"ಗಡಿಯಾರ ಕೊಟ್ರೆ ತಲೆ ಬಗ್ಗಿಸಿಬಿಡ್ತಾರಲ್ಲೋ. ಅವರಿದ್ದಾಗಲೂ ನಾನು ನೋಡಿದ್ದೆಲ್ಲ ಬರೀ ನೆತ್ತೀನೇ. ಇಲ್ಲಿ ಸುಮ್ಮನೆ ನಿಂತ್ರೆ ಮುಖ ನೋಡ್ತಾರೆ."

ಅವನು ಅಮ್ಮನ ಪಕ್ಕ ಕೂತು, ಆ ಮಾತನ್ನೂ ಎರಡು ನಿಮಿಷದ ನಿಯಮವನ್ನೂ ಅಳಿಸಿದ. ಬಾಗಿಲು ತೆರೆದುಕೊಂಡಿತು. "ಸರಿ ಹೋಯ್ತಮ್ಮ. ನಾನು ಮಾಡಿದ ತಪ್ಪು ಅದು, ಅಪ್ಪಂದಲ್ಲ. ಈಗ ಹೋಗು."

ಅಮ್ಮ ಎದ್ದು ಸೆರಗು ಸರಿಮಾಡಿಕೊಂಡರು. "ಬೇಡ ಬಿಡು. ಹನ್ನೊಂದು ಸಲ ಹೋದೆ. ಇನ್ನೂ ಹೋದ್ರೆ ಚೆನ್ನಾಗಿರಲ್ಲ. ಅವರಿಗೂ ಸುಸ್ತಾಗಿರತ್ತೆ." ಅಡುಗೆಮನೆಯ ಬಾಗಿಲಲ್ಲಿ ತಿರುಗಿದರು. "ಪಾಸಾಯ್ತಾ?"

"ನಿತ್ಯ ಬರೋ ಗಿರಾಕಿ ಒಬ್ರು ಬೇಕಂತಮ್ಮ."

"ಸಿಕ್ತಾರೆ ಬಿಡು" ಎಂದು ಅಮ್ಮ ದೀಪ ಹಾಕಿಕೊಂಡು ಒಳಗೆ ಹೋದರು.

ಡಬಲ್ ಅಮ್ಮನ ಕುರ್ಚಿಯಲ್ಲೇ ಕೂತು, ತನ್ನ ಹೆಸರಿನಲ್ಲೇ ಹೊಸ ಗಿರಾಕಿಯಾಗಿ ಅಂಗಡಿಯ ಹೊಸ್ತಿಲು ದಾಟಿದ. ಗಡಿಯಾರ ಕೊಡಲಿಲ್ಲ. ಮುದುಕ ತಲೆಯೆತ್ತಿ ನೋಡಿದ. "ಬಂದ್ಯಾ? ಕೂತ್ಕೊ. ಅವಸರ ಏನಿದೆ?"

ದಾಖಲೆಯಲ್ಲಿ ಇಪ್ಪತ್ತೊಂದನೆಯ ಸಾಲು ಮೂಡಿತು. ಕೊಟ್ಟ ಕೆಲಸ: ಸೊನ್ನೆ. ಅದರ ಪಕ್ಕದಲ್ಲೇ, ಗೇಮ್ ಮೇಡಂ ಹಾಕಿಸಿದ್ದ ನಿಯಮದಂತೆ, ಕೆಂಪಕ್ಷರದಲ್ಲಿ ಒಂದು ಟಿಪ್ಪಣಿ ತಾನಾಗಿ ಬಂತು: ಇವರು ಆಟ ಮಾಡಿದವರು, ಗಿರಾಕಿಗಳ ಲೆಕ್ಕಕ್ಕಿಲ್ಲ.