ಆರತಿಯ ಹೊತ್ತಿಗೆ ತಲೆ ತಗ್ಗಿಸಿದ ಎತ್ತು ಮಹಾಶಯರಿಗೆ

ಕಸದ ಬಂಡಿಯ ಬಲಗಡೆಯ ನೊಗವನ್ನು ಬಹುಕಾಲದಿಂದ ಅಲಂಕರಿಸಿರುವ, ಕಾಂಗೇಯಂ ಸೀಮೆಯ ಉತ್ತಮ ಕುಲದಲ್ಲಿ ಹುಟ್ಟಿದ, ನಮ್ಮೂರ ಮುನಿಸಿಪಾಲಿಟಿಯ ಎತ್ತು ಶ್ರೀ ಮಯಿಲೆಯವರ ಸನ್ನಿಧಾನಕ್ಕೆ, ನೇಯ್ಗೆಯವರ ಬೀದಿಯ ನಿವಾಸಿಯೊಬ್ಬನು ಕೈಮುಗಿದು ಮಾಡಿಕೊಳ್ಳುವ ಬಹಿರಂಗ ಬಿನ್ನಹ.

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ. ತಮ್ಮ ಕ್ಷೇಮವನ್ನು ಊರೇ ನೋಡಿಕೊಳ್ಳುತ್ತಿರುವುದರಿಂದ ನಾನು ಬೇರೆಯಾಗಿ ವಿಚಾರಿಸುವ ಅಗತ್ಯವಿಲ್ಲ. ಬೂದು ಮೈಬಣ್ಣದ ಎತ್ತನ್ನು ನಮ್ಮ ಕಡೆ ಮಯಿಲೆ ಎಂದು ಕರೆಯುವುದು ವಾಡಿಕೆಯಾದ್ದರಿಂದ ಹಾಗೆ ಸಂಬೋಧಿಸಿದ್ದೇನೆ. ಕಚೇರಿಯಲ್ಲಿ ತಮಗೆ ಬೇರೆ ಗೌರವದ ಹೆಸರಿದ್ದರೆ ಮನ್ನಿಸಬೇಕು.

ಇದನ್ನು ಮುನಿಸಿಪಾಲಿಟಿಯ ಅಧ್ಯಕ್ಷರಿಗೇ ಬರೆಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಅವರ ಮೇಜಿನ ಮುಂದೆ ನಿಂತರೆ ನನಗೆ ನಾಲಿಗೆ ಏಳುವುದಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕಚೇರಿಯಲ್ಲಿ ಇಂಗ್ಲಿಷು ನಡೆಯುವ ಈ ಊರಿನಲ್ಲಿ ನನಗೆ ಬರೆಯಲು ಬರುವುದು ಮನೆಯದು ಮಾತ್ರ, ಅದೂ ಜಗಲಿಯ ಶಾಲೆಯಲ್ಲಿ ಕಲಿತಷ್ಟು. ಕಚೇರಿಯಲ್ಲಿ ಕನ್ನಡ ಓದಬಲ್ಲವರು ಒಬ್ಬರೂ ಇಲ್ಲ. ತಮಗೂ ಓದು ಬಾರದು. ಈ ವಿಷಯದಲ್ಲಿ ತಾವೂ ಕಚೇರಿಯೂ ಸಮಾನರಾದ ಮೇಲೆ, ಮಾತು ಕೇಳಿದಾಗ ಕಿವಿಯನ್ನಾದರೂ ಆಡಿಸುವವರಿಗೆ ಬರೆಯುವುದೇ ಮೇಲೆಂದು ತೋರಿತು.

ಮೊದಲು ತಮಗೆ ಅಭಿನಂದನೆ ಸಲ್ಲಿಸುತ್ತೇನೆ. ನಮ್ಮ ಬೀದಿಯಲ್ಲಿ ಮಗ್ಗಗಳಿವೆಯೇ ಹೊರತು ಯಾರ ಮನೆಯಲ್ಲಿಯೂ ದನಗಳಿಲ್ಲ. ಆದರೂ ದನಗಳ ಹಬ್ಬವಾದ ಮಾಟ್ಟುಪೊಂಗಲ್ ದಿನ ಯಾವುದಾದರೂ ಎತ್ತಿಗೆ ಆರತಿ ಎತ್ತದಿದ್ದರೆ ನಮ್ಮವರ ಮನಸ್ಸಿಗೆ ಸಮಾಧಾನವಿಲ್ಲ. ಆದ್ದರಿಂದ ಪ್ರತಿವರ್ಷವೂ ತಮ್ಮನ್ನೇ ಎರವಲು ತಂದು, ಕೊಂಬಿಗೆ ಬಣ್ಣ ಬಳಿದು, ಪೂಜಿಸುತ್ತ ಬಂದಿದ್ದೇವೆ. ಹಾಗೆ ಆರತಿ ಪಡೆದ ಎತ್ತನ್ನು ಮುಂದಿನ ಪೊಂಗಲ್ ತನಕ ಮಾರಬಾರದು, ಹೊರಡಿಸಬಾರದು ಎಂಬುದು ನಮ್ಮ ಹಿರಿಯರು ದನ ಕಟ್ಟುತ್ತಿದ್ದ ಕಾಲದಿಂದ ಉಳಿದುಬಂದ ಕಟ್ಟಳೆ. ಈ ಕಟ್ಟಳೆಯನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ಅದರಿಂದಲೇ ಇಡೀ ಬೀದಿ ತೊಂದರೆಗೆ ಸಿಕ್ಕಿಕೊಂಡಿತು.

ತಮ್ಮ ಬಂಡಿಯ ಜೊತೆಗೆ ಬರುವ ರಾಮಾಯಿಯನ್ನು ತಾವು ಬಲ್ಲಿರಿ. ಬೀದಿ ಗುಡಿಸುವವಳು. ಬಾಯಿತುಂಬ ಹೊಗೆಸೊಪ್ಪು, ಅದರ ಸಂದಿಯಲ್ಲಿ ತಮಗೆ ಬೈಗುಳ. ತೆಲುಗು ಅವಳ ಮನೆಮಾತು. ಗುಡಿಸಿ ಗುಡಿಸಿ ನಮ್ಮ ಕನ್ನಡವನ್ನೂ ಬಾಚಿಕೊಂಡಿದ್ದಾಳೆ. ಹಿಂದೆ ಅವಳಿಗೆ ನಾಚಿಯಮ್ಮ ಎಂಬ ಜೊತೆಯವಳಿದ್ದಳು. ಒಬ್ಬಳು ಗುಡಿಸಿ ಗುಡ್ಡೆ ಮಾಡುವುದು, ಇನ್ನೊಬ್ಬಳು ಬಂಡಿಗೆ ತುಂಬಿ ತಮ್ಮನ್ನು ಮುಂದಕ್ಕೆ ಹೊಡೆಯುವುದು, ಹೀಗೆ ಸೂರ್ಯ ಹುಟ್ಟುವಷ್ಟರಲ್ಲಿ ಬೀದಿ ಕನ್ನಡಿಯಂತಾಗುತ್ತಿತ್ತು. ನಮಗೆ ಅದು ಶೋಕಿಯಲ್ಲ. ಪಾವು ಎಂದು ನಾವು ಕರೆಯುವ ಹಾಸುನೂಲನ್ನು ಮಗ್ಗಕ್ಕೆ ಏರಿಸುವ ಮೊದಲು ಬೀದಿಯ ಉದ್ದಕ್ಕೂ ಎಳೆದು ಕಟ್ಟಿ, ಗಂಜಿ ಬಳಿದು, ಕುಂಚದಿಂದ ತೀಡಬೇಕು. ಹಸಿ ಗಂಜಿಯ ಮೇಲೆ ಧೂಳು ಕೂತರೆ ಆ ನೂಲು ಸೀರೆಯಾಗುವುದಿಲ್ಲ, ಗೋಣಿಯಾಗುತ್ತದೆ. ಊರಿನ ಬೇರೆ ಬೀದಿಗಳಿಗೆ ಪೊರಕೆ ಬರುವುದು ಅಂದಕ್ಕೆ, ನಮಗೆ ಅನ್ನಕ್ಕೆ.

ಹೀಗಿರುವಾಗ ನೂಲಿನ ವ್ಯಾಪಾರ ಕುಸಿಯಿತು. ತೆರಿಗೆ ಇಳಿಸಬೇಕೆಂದು ನಮ್ಮ ಬೀದಿಯೇ ಮೊದಲು ಕೂಗು ಹಾಕಿತು. ನಮ್ಮ ಬೀದಿಯ ಕೌನ್ಸಿಲರ್ ವೆಂಕಟಾಚಲಂ ಅವರು ಜನರ ಕಷ್ಟಕ್ಕೆ ಕರಗುವವರು. ಅವರು ಬಹಳ ಯೋಚಿಸಿ, ಒಂದೇ ಕೆಲಸಕ್ಕೆ ಇಬ್ಬರೇಕೆ ಎಂದು ನಾಚಿಯಮ್ಮನನ್ನು ತೆಗೆದುಹಾಕಿಸಿದರು. ಉಳಿದ ರಾಮಾಯಿಯ ಸಂಬಳದಲ್ಲಿಯೂ ಸ್ವಲ್ಪ ಕಡಿದರು. ತಮ್ಮ ಹತ್ತಿಬೀಜ, ಕಡಲೆಹಿಂಡಿಗಳಿಗೆ ಮಾತ್ರ ಕೈಹಾಕಲಿಲ್ಲ. ತಮ್ಮ ಪಕ್ಕೆಲುಬು ಕಂಡರೆ ಊರಿನ ಮಾನ ಹೋಗುತ್ತದೆ. ರಾಮಾಯಿಯ ಪಕ್ಕೆಲುಬಿನ ಮೇಲೆ ಸೀರೆ ಇರುವುದರಿಂದ ಊರಿನ ಮಾನ ಭದ್ರವಾಗಿದೆ.

ಅದೇ ವರ್ಷ ತಮ್ಮ ಎಡಗಡೆಯ ಜೊತೆಗಾರರು ತೀರಿಕೊಂಡರು. ಆ ದುಃಖವನ್ನು ಮತ್ತೆ ಕೆದಕುತ್ತಿರುವುದಕ್ಕೆ ಕ್ಷಮಿಸಬೇಕು. ಅಂದು ಬೀದಿಯವರೆಲ್ಲ ಕೌನ್ಸಿಲರ್ ಮನೆಯ ಜಗಲಿಯಲ್ಲಿ ಸೇರಿ, ಜೋಡಿ ಬಂಡಿಯನ್ನು ಒಂಟಿ ಎತ್ತಿನಿಂದ ಎಳೆಸುವುದು ಮಹಾಪಾಪ ಎಂದು ಒಂದೇ ಬಾಯಲ್ಲಿ ಹೇಳಿದರು. ವಾರ ತುಂಬುವುದರೊಳಗೆ ಸಂತೆಯಿಂದ ಹೊಸ ಎತ್ತು ಬಂತು. ಆ ಜಗಲಿಯ ಕೆಳಗೆ ಪೊರಕೆ ಹಿಡಿದು ನಿಂತಿದ್ದ ರಾಮಾಯಿ, "ಸಾಮೀ, ಎತ್ತು ಒಂಟಿಯಾದ್ರೆ ಪಾಪ, ನಾನು ಒಂಟಿಯಾದ್ರೆ ಲಾಭ. ನನ್ನೂ ದನ ಅಂತಲೇ ಬರ್ಕೊಂಡ್ಬುಡಿ. ಬೇಕಾದ್ರೆ ತಲೆಗೆ ಕೊಂಬು ಕಟ್ಕೊಂಡು ಬತ್ತೀನಿ" ಎಂದಳು. ಎಲ್ಲರೂ ನಕ್ಕರು. ಕೌನ್ಸಿಲರ್ ಅವರೂ ನಕ್ಕು, "ಎತ್ತು ಬಾಯಿಲ್ಲದ ಜೀವ ಕಣಮ್ಮಾ. ನಿಂಗೆ ಬಾಯಿ ಅದೆಯಲ್ಲಾ" ಎಂದರು. ಬಾಯಿ ಇದ್ದಮೇಲೆ ಅದಕ್ಕೆ ಏನಾದರೂ ಹಾಕಬೇಕಾಗುತ್ತದೆ ಎಂಬ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ.

ಇನ್ನು ನಮ್ಮ ಬೀದಿಯ ಸೂಕ್ಷ್ಮಬುದ್ಧಿಯನ್ನು ತಮ್ಮ ಗಮನಕ್ಕೆ ತರಬೇಕು. ಪಾವು ಕಟ್ಟುವ ಮೊದಲೇ ಗುಡಿಸಿ ಮುಗಿಸಬೇಕು, ಆದ್ದರಿಂದ ರಾಮಾಯಿ ಬೆಳಕು ಹರಿಯುವ ಮುಂಚೆ ಬರಬೇಕು. ಆದರೆ ಎದ್ದ ಕೂಡಲೇ ಪೊರಕೆಯ ಮುಖ, ಪೊರಕೆಯವಳ ಮುಖ ನೋಡಿದರೆ ದಿನ ಕೆಡುತ್ತದೆ, ಆದ್ದರಿಂದ ಅವಳು ಬರಲೂಬಾರದು. ಮೊದಲು ಕತ್ತಲೆಯಿತ್ತು, ಹೇಗೋ ನಡೆಯುತ್ತಿತ್ತು. ಪೈಕಾರಾ ಜಲಪಾತದ ಕರೆಂಟು ಬಂದು ಬೀದಿಯ ತುದಿಗೆ ದೀಪ ಹಾಕಿದ ಮೇಲೆ ಕಸವೂ ಕಾಣತೊಡಗಿತು, ರಾಮಾಯಿಯೂ ಕಾಣತೊಡಗಿದಳು. ಕಸ ಕಂಡದ್ದಕ್ಕೆ ರಾಮಾಯಿಯ ಮೇಲೆ ದೂರು. ರಾಮಾಯಿ ಕಂಡದ್ದಕ್ಕೂ ರಾಮಾಯಿಯ ಮೇಲೆ ದೂರು.

ಈ ಇಕ್ಕಟ್ಟಿನಿಂದ ಬೀದಿಯನ್ನು ಪಾರುಮಾಡಿದವರು ತಾವು. ಅವಳು ತಮ್ಮನ್ನು ಮುಂದೆ ಬಿಟ್ಟು ತಾನು ತಮ್ಮ ಆಚೆ ಮಗ್ಗುಲಿಗೆ ನಡೆಯತೊಡಗಿದಳು. ಹೋಗುವಾಗ ಮೂಡಲ ಸಾಲಿನ ಮನೆಗಳಿಗೆ, ಬರುವಾಗ ಪಡುವಲ ಸಾಲಿಗೆ ತಾವೇ ತೆರೆಯಾದಿರಿ. ತಮ್ಮ ಕೊರಳಗಂಟೆ ಕೇಳಿದೊಡನೆ ಹೆಂಗಸರು ಬಾಗಿಲು ತೆರೆದು, ತಮ್ಮ ಮುಖ ಕಂಡು, ಕೈ ಕಣ್ಣಿಗೊತ್ತಿಕೊಂಡು, ಒಳ್ಳೆಯ ಶಕುನವಾಯಿತೆಂದು ಒಳಗೆ ಹೋಗುತ್ತಿದ್ದರು. ರಾಮಾಯಿ ನಾಲಿಗೆ ಲೊಚಗುಟ್ಟಿದರೆ ನಡೆಯುವುದು, ಮತ್ತೆ ಲೊಚಗುಟ್ಟಿದರೆ ನಿಲ್ಲುವುದು, ಇಷ್ಟನ್ನೂ ತಾವು ಕಲಿತಿರಿ. ಹೀಗೆ ನಾಚಿಯಮ್ಮನ ಕೆಲಸದಲ್ಲಿ ಅರ್ಧವನ್ನು ತಾವು ಮಾಡತೊಡಗಿದಿರಿ. ಉಳಿದರ್ಧ ರಾಮಾಯಿಯ ಸೊಂಟಕ್ಕೆ ಬಿತ್ತು.

ಮಾರ್ಗಶಿರದಲ್ಲಿ ಒಂದು ದಿನ ಅವಳು ಬೀದಿಯ ಕೆಳತುದಿಯಲ್ಲಿ ಗುಡಿಸುತ್ತಿರುವಾಗಲೇ ಮೇಲ್ತುದಿಯಲ್ಲಿ ಲಿಂಗಸಾಮಿಯಣ್ಣ ಪಾವು ಕಟ್ಟಿ ಗಂಜಿ ಬಳಿದರು. ಗಾಳಿ ಬೀಸಿತು. ಧೂಳೆಲ್ಲ ಹೋಗಿ ಹಸಿ ನೂಲಿನ ಮೇಲೆ ಕೂತಿತು. ಮದುವೆಗೆಂದು ಯಾರೋ ಹೇಳಿ ನೇಯಿಸುತ್ತಿದ್ದ ಸೀರೆಗಳ ನೂಲು. ಲಿಂಗಸಾಮಿಯಣ್ಣನ ಸಂಕಟ ಸುಳ್ಳಲ್ಲ. ಆ ನೂಲನ್ನು ಸುತ್ತಿಡುವ ಮೊದಲು ಅವರು ಎಳೆ ಎಳೆಯ ಧೂಳನ್ನು ಉಗುರಿನಿಂದ ಕೆರೆದು ನೋಡಿದ್ದನ್ನು ನಾನು ಕಂಡಿದ್ದೇನೆ. ಆದರೆ ಗಾಳಿಯನ್ನು ಕೆಲಸದಿಂದ ತೆಗೆಯುವ ಅಧಿಕಾರ ಮುನಿಸಿಪಾಲಿಟಿಗೆ ಇಲ್ಲದ್ದರಿಂದ ರಾಮಾಯಿಯನ್ನು ತೆಗೆಯುವುದೆಂದು ತೀರ್ಮಾನವಾಯಿತು. ಇಬ್ಬರ ಕೆಲಸ ಒಬ್ಬಳು ಮಾಡಿದರೆ ಹೊತ್ತಾಗುತ್ತದೆ ಎಂದು ಅವಳು ಹೇಳಿದ್ದಕ್ಕೆ, ನೆಪ ಹೇಳುತ್ತಾಳೆ ಎಂದರು. ಪೊಂಗಲ್ ಮುಗಿದ ಮಾರನೆಯ ದಿನದಿಂದ ಅವಳು ಬರಬೇಕಾಗಿಲ್ಲ, ಬೆಳ್ಳಿಯಪ್ಪ ಎಂಬ ಹೊಸಬ ಬರುತ್ತಾನೆ ಎಂದು ಕೌನ್ಸಿಲರ್ ಅವರು ಸಾರಿದರು. ಅವಳಿಗೆ ಈ ಸಂಬಳ ಬಿಟ್ಟರೆ ಬೇರೆ ಗಂಜಿಯಿಲ್ಲವೆಂಬುದು ಎಲ್ಲರಿಗೂ ತಿಳಿದಿತ್ತು. ಹಬ್ಬದ ದಿನ ಅಪಶಕುನ ಬೇಡವೆಂದು ಅಂದೂ ಬರಬಾರದೆಂದರು.

ಆಮೇಲೆ ನಡೆದದ್ದು ತಮ್ಮ ಕೃಪೆ.

ಮಾಟ್ಟುಪೊಂಗಲ್ ದಿನ ಬೆಳ್ಳಿಯಪ್ಪ ತಮ್ಮ ಹಗ್ಗ ಹಿಡಿದು ಬೀದಿಯ ಬಾಯಿಯವರೆಗೆ ತಂದ. ಅಲ್ಲಿ ತಾವು ಕುಳಿತಿರಿ. ಎಳೆದರು, ನೂಕಿದರು, ಬೆಲ್ಲ ತೋರಿಸಿದರು, ಬಾಲ ತಿರುಚಿದರು. ತಾವು ಕಣ್ಣು ಅರೆಮುಚ್ಚಿ ಮೆಲುಕು ಹಾಕಿದಿರಿ. ಬೀದಿಯ ಹಿರಿಯ ಮುತ್ತೈದೆ ಜಾನಕಿಯಮ್ಮನವರು ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದರು. ಹಚ್ಚಿದ ಕರ್ಪೂರ ಉರಿದುಹೋಗಿ ಮತ್ತೆ ಹಚ್ಚುವುದಾಯಿತು. ಕೊನೆಗೆ ಅವರೇ, "ಇವನಿಗೆ ಅವಳು ಇಲ್ದೆ ಕಾಲು ಬರಾದಿಲ್ಲ. ಕರೀರಪ್ಪಾ ಅವಳ್ನ" ಎಂದರು. ರಾಮಾಯಿಗೆ ಹೇಳಿಕಳಿಸಿದರು. ಹಿತ್ತಲ ದಾರಿಯಲ್ಲಿ ಬಾ, ಎತ್ತಿನ ಆಚೆ ಕಡೆಯೇ ನಿಲ್ಲು, ಯಾರ ಕಣ್ಣಿಗೂ ಬೀಳಬೇಡ ಎಂದೂ ಹೇಳಿದರು.

ಅವಳು ಬಂದು, "ಏಳ್ಲಾ ಸೋಂಬೇರಿ, ನಿನ್ ಕಲ್ಯಾಣ ಇವತ್ತು" ಎಂದು ನಾಲಿಗೆ ಲೊಚಗುಟ್ಟಿದಳು. ತಾವು ಎದ್ದಿರಿ. ಬಣ್ಣದ ಕೊಂಬು, ಕೊರಳಲ್ಲಿ ಚೆಂಡುಹೂವಿನ ಹಾರ. ಆಚೆ ಮಗ್ಗುಲಲ್ಲಿ ರಾಮಾಯಿ. ಹಿಂದೆ ಇಡೀ ಬೀದಿ. ದಿನವೂ ಕಸಕ್ಕೆ ನಿಲ್ಲುವಂತೆ ಮನೆ ಮನೆಗೆ ನಿಲ್ಲುತ್ತ ಗಂಭೀರವಾಗಿ ನಡೆದಿರಿ. ಜಾನಕಿಯಮ್ಮನವರ ಬಾಗಿಲಲ್ಲಿ ಅವರು ತಟ್ಟೆಯನ್ನು ತಮ್ಮ ಮುಖದ ಮಟ್ಟಕ್ಕೆ ಎತ್ತಿ, ಒಂದು ಸುತ್ತು ಸುತ್ತಿದರು. ಅಷ್ಟರಲ್ಲಿ ಕೆಳಗೆ ರಂಗೋಲಿಯ ನಡುವೆ ಇಟ್ಟಿದ್ದ ಪೊಂಗಲು ತಮ್ಮ ಕಣ್ಣಿಗೆ ಬಿತ್ತು. ತಾವು ತಲೆ ತಗ್ಗಿಸಿದಿರಿ. ತಮ್ಮ ತಲೆಯಿದ್ದ ಜಾಗದಲ್ಲಿ, ಕರ್ಪೂರದ ಬೆಳಕಿಗೆ ನೇರವಾಗಿ, ರಾಮಾಯಿಯ ಮುಖ ಮೂಡಿತು.

ರಾಮಾಯಿ ಹೊಗೆಸೊಪ್ಪನ್ನು ಉಗಿಯಲೂ ಆಗದೆ ನುಂಗಲೂ ಆಗದೆ ನಿಂತಳು. ಸುತ್ತಲು ತೊಡಗಿದ ಆರತಿಯನ್ನು ನಡುವೆ ನಿಲ್ಲಿಸಿದರೆ ಮನೆಗೆ ಕೇಡು ಎಂಬುದು ನಮ್ಮ ಹೆಂಗಸರಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಜಾನಕಿಯಮ್ಮನವರು ಒಂದು ಗಳಿಗೆ ತಡೆದರು. ಆಮೇಲೆ ಎರಡನೆಯ ಸುತ್ತು, ಮೂರನೆಯ ಸುತ್ತು ಮುಗಿಸಿ, ತಟ್ಟೆ ಕೆಳಗಿಟ್ಟರು. ತಾವು ಪೊಂಗಲ್ ಮುಗಿಸಿ ರಂಗೋಲಿಯನ್ನೂ ನೆಕ್ಕಿದಿರಿ.

ಅಂದು ಸಂಜೆ ಜಗಲಿಯಲ್ಲಿ ನಡೆದ ವಾದವನ್ನು ತಾವು ಕೇಳಬೇಕಿತ್ತು. ಆರತಿ ಪಡೆದದ್ದನ್ನು ಮುಂದಿನ ಪೊಂಗಲ್ ತನಕ ಹೊರಡಿಸುವಂತಿಲ್ಲ. ಆರತಿ ಪಡೆದವಳು ರಾಮಾಯಿ. ಲಿಂಗಸಾಮಿಯಣ್ಣ, "ಕಟ್ಟಳೆ ಇರಾದು ದನಕ್ಕೆ. ಅವಳೇನು ದನವಾ, ಮನುಷ್ಯಳಲ್ವಾ" ಎಂದರು. ಜಾನಕಿಯಮ್ಮನವರು ಒಳಗಿನಿಂದಲೇ, "ಮನುಷ್ಯಳು ಅಂತ ಈಗ ಗೊತ್ತಾಯ್ತಾ ನಿಂಗೆ? ಬಾಗಿಲಲ್ಲಿ ನಿಲ್ಸಿ ಆರತಿ ಎತ್ತಿದ ಹೆಣ್ಣನ್ನ ಮಾರನೇ ದಿನ ಓಡಿಸ್ತಾರಾ? ದನ ಅಂದ್ರೂ ಇಟ್ಕೊಳ್ಳಿ, ಹೆಣ್ಣು ಅಂದ್ರೂ ಇಟ್ಕೊಳ್ಳಿ. ನನ್ ಆರತಿ ಸುಳ್ಳು ಅನ್ನಂಗಿಲ್ಲ" ಎಂದರು. ಕೌನ್ಸಿಲರ್ ಅವರಿಗೆ ಜಾನಕಿಯಮ್ಮನವರು ಅತ್ತೆಯಾಗಬೇಕು. ಆದ್ದರಿಂದ ಕೌನ್ಸಿಲರ್ ಅವರು ಮೇಲುವಸ್ತ್ರ ಕೊಡವಿ ಹೆಗಲಿಗೇರಿಸಿ, ಮುಂದಿನ ಪೊಂಗಲ್ ತನಕ ರಾಮಾಯಿ ಇರಲಿ ಎಂದು ತೀರ್ಪು ಕೊಟ್ಟರು. ಬೆಳ್ಳಿಯಪ್ಪ ತಮ್ಮ ಸ್ವಭಾವ ಕಂಡು ಹೆದರಿ ಅದೇ ಸಂಜೆ ಕೋಯಮತ್ತೂರಿನ ಮಿಲ್ಲಿಗೆ ಹೊರಟುಹೋಗಿದ್ದನೆಂಬುದೂ ಈ ತೀರ್ಪಿಗೆ ಸ್ವಲ್ಪ ಸಹಾಯ ಮಾಡಿರಬಹುದು.

ಮಾನ್ಯರೇ, ತಮ್ಮ ಹಸಿವು ರಾಮಾಯಿಯ ಒಂದು ವರ್ಷದ ಕೆಲಸವನ್ನು ಉಳಿಸಿತು. ಅವಳ ಹಸಿವಿಗೆ ಆ ಶಕ್ತಿಯಿಲ್ಲ. ಆದರೆ ಅವಳು ಇನ್ನೂ ಒಂಟಿ. ಗಾಳಿ ಇನ್ನೂ ಬೀಸುತ್ತದೆ, ಪಾವು ಇನ್ನೂ ಹಸಿಯಾಗಿರುತ್ತದೆ, ಮುಂದಿನ ಸಲ ಧೂಳು ಕೂತರೆ ಯಾವ ಆರತಿಯೂ ಅವಳನ್ನು ಕಾಯುವುದಿಲ್ಲ. ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ. ತಮಗೆ ಜ್ವರ ಬಂದಾಗ ಬರುವ ವೈದ್ಯರನ್ನು, ಹೋಗುವ ದಾರಿಯಲ್ಲಿ ಅವಳ ಗುಡಿಸಲಿಗೂ ಒಮ್ಮೆ ಇಣುಕಿಸಬೇಕು. ಸುಡುಬಿಸಿಲಿನಲ್ಲಿ ಎತ್ತು ಕಟ್ಟಬಾರದೆಂಬ ನಿಯಮದಿಂದ ತಮಗೆ ಸಿಗುವ ಮಧ್ಯಾಹ್ನದ ವಿರಾಮದಲ್ಲಿ ಅರ್ಧವನ್ನು ಅವಳ ಹೆಸರಿಗೆ ಬರೆದುಕೊಡಬೇಕು. ಇವೆರಡೂ ಆಗದಿದ್ದರೆ ಒಂದನ್ನು ಮಾತ್ರ ನಡೆಸಿಕೊಡಬೇಕು: ಮುನಿಸಿಪಾಲಿಟಿಯ ಸಭೆ ಸೇರುವ ದಿನ ಕಚೇರಿಯ ಬಾಗಿಲಿಗೆ ಅಡ್ಡವಾಗಿ ಕುಳಿತುಬಿಡಬೇಕು. ರಾಮಾಯಿ ಕುಳಿತರೆ ಜುಲ್ಮಾನೆ ಹಾಕುತ್ತಾರೆ. ತಾವು ಕುಳಿತರೆ ಅಧ್ಯಕ್ಷರೇ ಎದ್ದು ಬಂದು ಏನು ಬೇಕೆಂದು ಕೇಳುತ್ತಾರೆ. ಆಗ ತಾವು ಏನೂ ಹೇಳಬೇಕಾಗಿಲ್ಲ. ನಾಚಿಯಮ್ಮನನ್ನು ಕರೆತರುವವರೆಗೆ ಮೆಲುಕು ಹಾಕುತ್ತಿದ್ದರೆ ಸಾಕು.

ತಮ್ಮ ಗಂಟೆಗೆ ಎಚ್ಚರಗೊಂಡು, ತಾವು ದಾಟಿದ ಮೇಲೆ ಪಾವು ಕಟ್ಟುವ,
ತಮ್ಮ ವಿಶ್ವಾಸಿ,
ವೆಲ್ಲಿಂಗಿರಿ
ನೇಯ್ಗೆಯವರ ಬೀದಿ, ಮೂಡಲ ಸಾಲು

ಮರೆತ ಮಾತು: ಇದನ್ನು ಅಂಚೆಗೆ ಹಾಕುವ ಮೊದಲು ರಾಮಾಯಿಗೆ ಓದಿ ಹೇಳಿದೆ. "ಅವನಿಗ್ಯಾಕಪ್ಪಾ ಬರೀತೀಯ, ಅವ್ನು ಚೆನ್ನಾಗೇ ಅವ್ನೆ. ನಾಚಿ ಕಿಣತ್ತುಕಡವಿನ ಹೊಲದಲ್ಲಿ ಹತ್ತಿ ಬಿಡಿಸ್ತಾವ್ಳೆ. ಅವಳಿಗೆ ಒಂದು ಕಾಗದ ಹಾಕು, ಪೊಂಗಲಿಗೆ ಬಂದ್ಬುಡು ಅಂತ" ಎಂದಳು. ಮುನಿಸಿಪಾಲಿಟಿ ಒಪ್ಪಬೇಕಲ್ಲ ಎಂದೆ. ಅವಳು ತಮ್ಮ ಎಡಗಡೆಯ ಹೊಸ ಎತ್ತಿನ ಬೆನ್ನು ತಟ್ಟಿ, "ಮುನಿಸಿಪಾಲ್ಟಿ ಯಾಕೆ? ಇವ್ನಿಗೂ ಒಂದು ತಲೆ ಅದೆ, ಅದ್ರ ಹಿಂದೆ ಒಬ್ಬಳು ನಿಲ್ಲೋ ಅಷ್ಟು ಜಾಗಾನೂ ಅದೆ" ಎಂದಳು. ಆದ್ದರಿಂದ ಮುಂದಿನ ಪೊಂಗಲಿಗೆ ತಾವು ದಯವಿಟ್ಟು ಕಿರಿಯರನ್ನೂ ಕರೆದುಕೊಂಡು, ಇಬ್ಬರೂ ಒಳ್ಳೆಯ ಹಸಿವಿನಿಂದ ಬರಬೇಕು. ಜಾನಕಿಯಮ್ಮನವರಿಗೆ ನಾನು ಈಗಲೇ ಹೇಳಿಟ್ಟಿದ್ದೇನೆ. ಎರಡನೆಯ ಆರತಿ ತಟ್ಟೆಯನ್ನು ಹುಣಿಸೆಹಣ್ಣು ಹಾಕಿ ಬೆಳಗುತ್ತಿದ್ದಾರೆ.