ಗುಮಾಸ್ತರು ಕಂಪ್ಯೂಟರ್ ಕಲಿತದ್ದು

ಹೊಸ ಯಂತ್ರ ಎಲ್ಲಿ ಕೂಡಿಸಿದರೂ ಏನಾದರೊಂದು ಫಜೀತಿ ಆಗಿಯೇ ಆಗುತ್ತದೆ. ಮಸ್ಕತ್ತಿನಲ್ಲೂ ನೋಡಿದ್ದೇನೆ, ನೈರೋಬಿಯಲ್ಲೂ ನೋಡಿದ್ದೇನೆ. ಹೊಸಪೇಟೆಯ ಸಾಹುಕಾರರೊಬ್ಬರ ಕೆಲಸ ಹಿಡಿದಾಗ ಆದಷ್ಟು ಮಾತ್ರ ಎಲ್ಲೂ ಆಗಿಲ್ಲ. ಅವರ ಲಾರಿ ಆಫೀಸು, ಅಕ್ಕಿ ಗಿರಣಿ, ಲಾಡ್ಜು ಮೂರಕ್ಕೂ ಕಂಪ್ಯೂಟರ್ ಹಾಕಿ, ಮೂರನ್ನೂ ನೋಡಿಕೊಳ್ಳುವ ಹಳೆಯ ಗುಮಾಸ್ತರಿಗೆ ನಾನು ಕಲಿಸಬೇಕಿತ್ತು. ದೀಪಾವಳಿಯೊಳಗೆ ಕಲಿಯದಿದ್ದರೆ ಮನೆಗೆ ಹೋಗಬೇಕು ಎಂದು ಸಾಹುಕಾರರು ಅವರೆದುರಿಗೇ ಹೇಳಿದರು. ಗುಮಾಸ್ತರು ನನಗೆ ಚಹಾ ತರಿಸಿದರು.

ಕೆಂಪು ಮುಖ

ಸಂಡೂರಿನ ಲಾರಿ ಆಫೀಸಿಗೆ ಪಾಳಿ ಮುಗಿದಾಗ ಮುಖ ನೋಡಿ ಹಾಜರಿ ಹಾಕುವ ಯಂತ್ರ. ಅದಿರಿನ ಕೆಂಪು ಧೂಳು ಮೆತ್ತಿಕೊಂಡು ಬಂದ ಡ್ರೈವರುಗಳನ್ನು ಅದು ಗುರುತಿಸಲೊಲ್ಲದು. ಗುಮಾಸ್ತರು ಹಳೆಯ ಫೋಟೊ ಅಳಿಸಿ, ಎಲ್ಲರದ್ದೂ ಕೆಂಪು ಮುಖದಲ್ಲೇ ಮತ್ತೆ ತೆಗೆದರು. ಸಮಸ್ಯೆ ತೀರಿತು. ಆಯುಧಪೂಜೆಯ ದಿನ ಎಲ್ಲರೂ ಮಿಂದು, ಹೊಸ ಅಂಗಿ ತೊಟ್ಟು ಬಂದರು. ಯಂತ್ರದ ಪ್ರಕಾರ ಅವತ್ತು ಒಬ್ಬನೂ ಬಂದಿರಲಿಲ್ಲ. ಗುಮಾಸ್ತರು ಎಲ್ಲರನ್ನೂ ಲಾರಿಯ ಹಿಂದೆ ಕಳಿಸಿ, ಒಂದೊಂದು ಹಿಡಿ ಧೂಳು ಬಳಿದುಕೊಂಡು ಬರಲು ಹೇಳಿದರು.

ಗುಟ್ಟು

ಕಂಪ್ಲಿಯ ಗಿರಣಿಯಲ್ಲಿ ಪಾಸ್‌ವರ್ಡ್ ಕೊಟ್ಟು, ಯಾರಿಗೂ ಹೇಳಬೇಡಿ ಎಂದಿದ್ದೆ. ಮರುದಿನ ಸಾಹುಕಾರರೇ ಬಂದು ಕೇಳಿದರೆ ಗುಮಾಸ್ತರು ಒಲ್ಲೆ ಎಂದರು.

"ಏನಪಾ, ಗಿರಣಿ ನಂದು."

"ಗಿರಣಿ ನಿಮ್ದ ರೀ. ಪಾಸ್‌ವರ್ಡ್ ಮೇಡಂದು."

ನಾನು ಬರುವ ತನಕ ಸಾಹುಕಾರರು ತೌಡಿನ ಚೀಲದ ಮೇಲೆ ಕೂತಿದ್ದರು. ನಾನು ಒಪ್ಪಿಗೆ ಕೊಟ್ಟ ಮೇಲೂ ಗುಮಾಸ್ತರು ಅದನ್ನು ಅವರ ಕಿವಿಯಲ್ಲೇ ಹೇಳಿದರು.

ಮಾತಾಡುವ ಕಂಪ್ಯೂಟರ್

ಲಾಡ್ಜಿಗೆ ಬರುವ ಮೆಸೇಜುಗಳಿಗೆ ತಾನೇ ಉತ್ತರ ಕೊಡುವ ಕಂಪ್ಯೂಟರ್ ಹಾಕಿದೆ. ವಾರದೊಳಗೆ ಪ್ರವಾಸಿಗರು ಹೊಗಳತೊಡಗಿದರು: ಊಟ ಆಯಿತೇ ಎಂದು ಕೇಳುತ್ತದಂತೆ, ಹಂಪಿಯ ಬಿಸಿಲಿಗೆ ಟೋಪಿ ತನ್ನಿ ಎನ್ನುತ್ತದಂತೆ, ಅಜ್ಜಿಯನ್ನು ಮಾತಂಗ ಬೆಟ್ಟ ಹತ್ತಿಸಬೇಡಿ ಎಂದು ಗದರುತ್ತದಂತೆ. ನಾನು ಹಾಕಿದ್ದು ಅಷ್ಟು ಮಾತಿನದ್ದಲ್ಲ. ಹೋಗಿ ನೋಡಿದರೆ, ಅದನ್ನು ಬಂದ್ ಮಾಡಿ ಗುಮಾಸ್ತರು ಒಂದೇ ಬೆರಳಲ್ಲಿ ಉತ್ತರ ಒತ್ತುತ್ತ ಕೂತಿದ್ದರು. ಅದಕ್ಕೆ ಮರ್ಯಾದೆ ಗೊತ್ತಿಲ್ಲ ಎಂದರು. ಸಾಹುಕಾರರಿಗೆ ಹೇಳಬೇಡಿ ಎಂದೂ ಕೇಳಿಕೊಂಡರು. ಹೇಳಲಿಲ್ಲ.

ದೀಪಾವಳಿಗೆ ನಾನು ಕೊಚ್ಚಿಯಲ್ಲಿದ್ದೆ. ಸಾಹುಕಾರರು ಹೊಗಳಿಕೆಗಳನ್ನೆಲ್ಲ ಓದಿ, ಇಷ್ಟು ಶಾಣ್ಯಾ ಕಂಪ್ಯೂಟರ್ ಇದ್ದ ಮೇಲೆ ಗುಮಾಸ್ತ ಯಾಕೆ ಎಂದು ಅವರನ್ನು ಮನೆಗೆ ಕಳಿಸಿಬಿಟ್ಟರು. ಮೂರನೇ ದಿನ ನನಗೆ ಫೋನು: ಕಂಪ್ಯೂಟರ್ ಕೆಟ್ಟಿದೆ, ಯಾರನ್ನೂ ಊಟ ಆಯಿತೇ ಎಂದು ಕೇಳುತ್ತಿಲ್ಲ, ಜಲ್ದಿ ಬನ್ನಿ.

ಅದರ ಮುಖ್ಯ ಭಾಗವನ್ನು ನೀವೇ ಮನೆಗೆ ಕಳಿಸಿದ್ದೀರಿ ಎಂದು ನಡೆದದ್ದೆಲ್ಲ ಹೇಳಿದೆ. ಸಾಹುಕಾರರು, "ಹಂಗಾದ್ರ ಅದನ್ನ ತಂದು ಮತ್ತ ಕೂಡಿಸ್ರಿ" ಎಂದರು.

ವಾಪಸು ಬಂದವಳೇ ಗುಮಾಸ್ತರ ಮನೆಗೆ ಹೋಗಿ ಆ ಮಾತನ್ನು ಹಾಗೆಯೇ ಒಪ್ಪಿಸಿದೆ. ಅವರು ಎದ್ದು ಅಂಗಿಯ ಒಂದು ತೋಳು ಹಾಕಿಕೊಂಡು, ಅಲ್ಲಿಗೇ ನಿಂತರು.

"ಬರ್ತೀನ್ರಿ ಮೇಡಂ. ವಾರಂಟಿ ಎಷ್ಟ್ ವರ್ಷದ್ದು ಅಂತ ಮೊದ್ಲ ಸಾವ್ಕಾರ್ರಿಗೆ ಬರ್ಕೊಡಾಕ ಹೇಳ್ರಿ."